ಇರುಳುಗುರುಡೂ ಮಕ್ಕಳ ಮರಣವೂ

ದೀಪ ಹಚ್ಚುವ ಹೊತ್ತಿನಲ್ಲಿ ಮಗುವು ತನ್ನ ಮನೆಯ ಹೊಸ್ತಿಲನ್ನೇ ಎಡವಿ ಬಿದ್ದರೆ ನಮ್ಮ ಹಳ್ಳಿಯ ತಾಯಂದಿರು ಅದನ್ನು ಇರುಳುಗುರುಡೆಂದು ಗುರುತಿಸಬಲ್ಲರು. ಇಂಡೋನೇಷ್ಯದ ಜನರು ಇದನ್ನೇ ಕೋಳಿಗುರುಡೆಂದು ಕರೆಯುವರು. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣದಷ್ಟೆ! ಹೀಗೆ ರೋಗವೂ ಹಳೆಯದು, ಹೆಸರೂ ಹಳೆಯದು. ಆದರೆ ಆ ಮಗುವಿನ ದೃಷ್ಟಿಗೆ ಮಾತ್ರವಲ್ಲದೆ ಪ್ರಾಣಕ್ಕೂ ಅಪಾಯವು ಒದಗಿದೆಯೆಂಬ ಸಂಗತಿಯು ವೈದ್ಯಲೋಕಕ್ಕೆ ಮನವರಿಕೆಯಾದುದು 1983ರಿಂದ ಈಚೆಗೆ. ಅದನ್ನು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ನೇತ್ರವೈದ್ಯರಾದ ಡಾಕ್ಟರ್ ಆಲ್ಫ್ರೆಡ್ ಸಾಮರ್ ಅವರು. ಇವರ ವೃತ್ತಿಚರಿತ್ರೆಯಿಂದ ನಮ್ಮ ಆರೋಗ್ಯಾಧಿಕಾರಿಗಳು ಕಲಿಯತಕ್ಕುದು ಬಹಳವಿದೆಯೆಂದು ನಮ್ಮ ಅಭಿಪ್ರಾಯ.

1942ರಲ್ಲಿ ಜನಿಸಿದ ಇವರು ತಾರುಣ್ಯದಲ್ಲಿ ಢಾಕಾ ನಗರದ ಕಾಲರಾ ಸಂಶೋಧನಾಲಯದಲ್ಲಿ ಕೆಲಸಮಾಡಿದರು. 1970ರ ನವೆಂಬರಿನಲ್ಲಿ ಪೂರ್ವಬಂಗಾಳದ ಕರಾವಳಿಯನ್ನು ಘೋರ ಚಂಡಮಾರುತವು ನಾಶಮಾಡಿದಾಗ, ಉಳಿದವರೆಷ್ಟು, ಅಳಿದವರೆಷ್ಟು, ಯಾರಿಗೆ ಏನು ಬೇಕು ಎಂಬ ಸಮೀಕ್ಷೆಯಲ್ಲಿ ತೊಡಗಿದರು. ಆಸ್ಪತ್ರೆಗೆ ಬಂದವರನ್ನು ನೋಡುವುದು ವೈದ್ಯನ ಕೆಲಸ. ಬಾರದವರನ್ನು ಹುಡುಕಿಕೊಂಡು ಹೋಗುವುದು ಸಾರ್ವಜನಿಕ ಆರೋಗ್ಯದ ಕೆಲಸ. ಈ ಎರಡನೆಯ ಅಭ್ಯಾಸವನ್ನು ಅವರು ಮುಂದೆ ನೇತ್ರವೈದ್ಯರಾದ ಮೇಲೂ ಬಿಡಲಿಲ್ಲ.

1976ರಲ್ಲಿ ಅವರು ಇಂಡೋನೇಷ್ಯಕ್ಕೆ ಹೋದುದು ಕುರುಡುತನದ ಕಾರಣವನ್ನು ಅರಸಿಕೊಂಡು. ಆರು ಗ್ರಾಮಗಳ ಎಳೆಯ ಮಕ್ಕಳನ್ನು ಮೂರು ತಿಂಗಳಿಗೊಮ್ಮೆಯಂತೆ ಹದಿನೆಂಟು ತಿಂಗಳು ಪರೀಕ್ಷಿಸಲಾಯಿತು. ಪ್ರತಿ ಸುತ್ತಿನಲ್ಲಿ ನೋಡಿದ ಮಕ್ಕಳು ಸರಾಸರಿ 3,481. ತರುವಾಯ ಊರಿಗೆ ಹಿಂದಿರುಗಿ ಆ ಲೆಕ್ಕಗಳನ್ನು ತಿರುವಿಹಾಕುತ್ತಿರಲು, ಕೆಲವು ಮಕ್ಕಳು ಮುಂದಿನ ಸುತ್ತಿಗೆ ಬಾರದೆಯೇ ಹೋದುದು ಅವರ ಗಮನಕ್ಕೆ ಬಂದಿತು. ಅವು ತೀರಿಹೋಗಿದ್ದವು. ಇರುಳುಗುರುಡೇ ಮೊದಲಾದ ಸೌಮ್ಯ ಲಕ್ಷಣಗಳಿದ್ದ ಮಕ್ಕಳ ಮರಣಪ್ರಮಾಣವು ಉಳಿದವರಿಗಿಂತ ಸರಾಸರಿ ನಾಲ್ಕು ಪಟ್ಟು ಇದ್ದಿತು. ಎ ಜೀವಸತ್ವವು ಕಣ್ಣಿಗೆ ಮಾತ್ರವಲ್ಲ, ಶ್ವಾಸಕೋಶ ಕರುಳುಗಳ ಒಳಪೊರೆಗೂ ರೋಗನಿರೋಧ ಶಕ್ತಿಗೂ ಬೇಕು. ಅದು ಕುಂದಿದ ಮಗುವು ದಡಾರಕ್ಕೋ ಅತಿಸಾರಕ್ಕೋ ಸುಲಭವಾಗಿ ತುತ್ತಾಗುವುದು.

1983ರಲ್ಲಿ ಇದು ಪ್ರಕಟವಾದಾಗ ವಿದ್ವಾಂಸರನೇಕರು ನಂಬಲಿಲ್ಲ. ಡಾಕ್ಟರ್ ಸಾಮರ್ ಅವರು ವಾಗ್ವಾದಕ್ಕಿಳಿಯದೆ ಪ್ರಯೋಗದಿಂದ ಉತ್ತರಕೊಟ್ಟರು. ಸುಮಾತ್ರಾ ದ್ವೀಪದ ಆಚೆ ಪ್ರಾಂತದ 450 ಗ್ರಾಮಗಳಲ್ಲಿ, ಚೀಟಿಯೆತ್ತಿದಂತೆ ಆರಿಸಿದ 229 ಗ್ರಾಮಗಳ ಮಕ್ಕಳಿಗೆ ಆರು ತಿಂಗಳಿಗೊಂದರಂತೆ ಎರಡು ಲಕ್ಷ ಘಟಕಗಳ ಗುಳಿಗೆಯನ್ನು ಹಂಚಲಾಯಿತು. ಅಲ್ಲಿ ಮರಣವು ಶೇಕಡಾ 34ರಷ್ಟು ಇಳಿಯಿತೆಂದು 1986ರಲ್ಲಿ ಪ್ರಕಟಿಸಿದರು. ನಾನಾ ದೇಶಗಳ ಎಂಟು ಪ್ರಯೋಗಗಳನ್ನು 1993ರಲ್ಲಿ ಒಟ್ಟುಗೂಡಿಸಿ ನೋಡಿದಾಗಲೂ ಶೇಕಡಾ 23ರಷ್ಟು ಇಳಿತವು ಕಂಡಿತು. ಕೆಲವೇ ಕಾಸಿನ ಔಷಧದಿಂದ ಇಷ್ಟು ಪ್ರಾಣಗಳು!

ಇನ್ನು ನಮ್ಮ ದೇಶದ ಮಾತು. ಕುರುಡುತನವನ್ನು ತಡೆಯುವುದಕ್ಕಾಗಿ ಭಾರತವು ಈ ಔಷಧವನ್ನು ಮಕ್ಕಳಿಗೆ ಹಂಚತೊಡಗಿದುದು 1970ರಲ್ಲಿಯೇ. ಈ ವಿಷಯದಲ್ಲಿ ನಾವು ಹಿಂದೆ ಬಿದ್ದವರಲ್ಲ. ಮರಣದ ಪ್ರಶ್ನೆಯಲ್ಲಿ ಮಾತ್ರ ನಮ್ಮ ಪ್ರಯೋಗಗಳು ಏಕಮುಖವಾಗಿಲ್ಲ. 1990ರಲ್ಲಿ ಪ್ರಕಟವಾದ ತಮಿಳುನಾಡಿನ ಪ್ರಯೋಗದಲ್ಲಿ ವಾರವಾರವೂ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಮರಣವು ಶೇಕಡಾ 54ರಷ್ಟು ತಗ್ಗಿತು. ಅದೇ ವರ್ಷದ ಹೈದರಾಬಾದಿನ ಪ್ರಯೋಗದಲ್ಲಿ ಪ್ರಯೋಜನವು ಕಾಣಲಿಲ್ಲ. ಉತ್ತರಪ್ರದೇಶದ ಸುಮಾರು ಹತ್ತು ಲಕ್ಷ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡ ಇಳಿತವು ಶೇಕಡಾ 4 ಮಾತ್ರ, ಅದೂ ನಿಶ್ಚಿತವಲ್ಲ. ಆದುದರಿಂದ ಎಲ್ಲ ಮಕ್ಕಳಿಗೂ ಹಂಚುವುದನ್ನು ನಿಲ್ಲಿಸಬೇಕೆಂದು ನಮ್ಮ ಪೋಷಣಶಾಸ್ತ್ರಜ್ಞರಲ್ಲಿ ಕೆಲವರು, ನಿಲ್ಲಿಸಕೂಡದೆಂದು ಕೆಲವರು ವಾದಿಸುತ್ತಿರುವರು.

ಪರದೇಶದ ಪಂಡಿತರು ಹೇಳಿದರೆಂದು ಒಪ್ಪುವುದೂ, ಪರದೇಶದವರೆಂದು ತಳ್ಳುವುದೂ ಎರಡೂ ದಾಸ್ಯದ ಲಕ್ಷಣಗಳೇ. ಕೊರತೆಯು ತೀವ್ರವಾಗಿದ್ದಲ್ಲಿ ಔಷಧದ ಫಲವು ಹೆಚ್ಚು, ಆಹಾರವು ಸುಧಾರಿಸಿದಲ್ಲಿ ಕಡಿಮೆ ಎಂಬುದು ಸಾಮಾನ್ಯ ಬುದ್ಧಿಗೂ ತೋರುವ ಮಾತು. ಹಾಗಿರುವಲ್ಲಿ, ಯಾವ ತಾಲ್ಲೂಕಿನಲ್ಲಿ ಕೊರತೆಯಿದೆಯೆಂದು ತಿಳಿಯದೆ ಕೊಡುವುದೂ ನಿಲ್ಲಿಸುವುದೂ ಕತ್ತಲೆಯಲ್ಲಿ ಎಡವಿದಂತೆಯೇ ಸರಿ. ಅಂಗನವಾಡಿಯ ಕಾರ್ಯಕರ್ತೆಯು ತಾಯಿಯನ್ನು ಕೇಳಬೇಕಾದುದು ಒಂದೇ ಪ್ರಶ್ನೆ: ಸಂಜೆಯಾದ ಮೇಲೆ ನಿಮ್ಮ ಮಗುವಿಗೆ ಕಣ್ಣು ಕಾಣುವುದೇ? ಆ ಉತ್ತರಗಳನ್ನೂ ಊರಿನ ಶಿಶುಮರಣಗಳನ್ನೂ ಒಂದೇ ಪುಸ್ತಕದಲ್ಲಿ ಬರೆದು ವರ್ಷಕ್ಕೊಮ್ಮೆ ಕೂಡಿಸಿ ನೋಡುವುದು ಅಸಾಧ್ಯವೇನಲ್ಲ. ಆ ಲೆಕ್ಕವು ಕೈಸೇರುವವರೆಗೆ ಔಷಧದ ಹಂಚಿಕೆಯು ನಿಲ್ಲಬಾರದು. ಜೊತೆಗೆ ನುಗ್ಗೆಯ ಸೊಪ್ಪು, ಪರಂಗಿಯ ಹಣ್ಣು, ತುಸು ಎಣ್ಣೆ ಇವು ಬಡವರ ಮಕ್ಕಳ ತಟ್ಟೆಗೆ ಬರುವಂತೆ ಮಾಡುವುದು ಶಾಶ್ವತವಾದ ಉಪಾಯ.

ಡಾಕ್ಟರ್ ಸಾಮರ್ ಅವರು 1990ರಿಂದ 2005ರವರೆಗೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯ ಮುಖ್ಯಸ್ಥರಾಗಿದ್ದರು. 1997ರಲ್ಲಿ ಲಾಸ್ಕರ್ ಪ್ರಶಸ್ತಿಯನ್ನು ಪಡೆದರು. ಆದರೆ ಅವರ ಹಿರಿಮೆಯು ಇರುವುದು ಪದವಿಯಲ್ಲಲ್ಲ, ಪಟ್ಟಿಯಲ್ಲಿ ಕಾಣೆಯಾದ ಮಗುವು ಎಲ್ಲಿ ಹೋಯಿತೆಂದು ಕೇಳಿದುದರಲ್ಲಿ. ನಮ್ಮ ಕಚೇರಿಗಳಲ್ಲಿ ಪಟ್ಟಿಗಳಿಗೇನೂ ಬಡತನವಿಲ್ಲ. ಆ ಪ್ರಶ್ನೆಯನ್ನು ಕೇಳುವವರು ಬೇಕಾಗಿದ್ದಾರೆ.