ಅಕ್ಷರ ನಿಲ್ಲುವ ಕಾಗದ

ಮಗುವಿನ ಕೈಗೆ ಮೊದಲ ಬಾರಿಗೆ ಮಸಿಪೆನ್ನು ಬರುವ ದಿನ ಶಾಲಾಜೀವನದ ಒಂದು ಸಣ್ಣ ಸಂಸ್ಕಾರವೇ ಸರಿ. ಪೆನ್ಸಿಲಿನಲ್ಲಿ ಬರೆದುದನ್ನು ಅಳಿಸಬಹುದು. ಮಸಿಯಲ್ಲಿ ಬರೆದುದು ಉಳಿಯುತ್ತದೆ. ಆದುದರಿಂದ ಬರೆಯುವ ಮೊದಲು ಯೋಚಿಸಬೇಕು, ಬರೆಯುವಾಗ ನಿಧಾನಿಸಬೇಕು ಎಂಬ ಪಾಠವನ್ನು ಆ ಪೆನ್ನು ಮಾತಿಲ್ಲದೆ ಕಲಿಸುತ್ತದೆ. ಈ ನಂಬಿಕೆಯಿಂದಲೇ ಕೆಲವು ಶಾಲೆಗಳಲ್ಲಿ ಇಂದಿಗೂ ಮಕ್ಕಳು ಮಸಿಪೆನ್ನಿನಲ್ಲಿಯೇ ಬರೆಯಬೇಕೆಂಬ ನಿಯಮವಿದೆ. ನಿಯಮವೇನೋ ಒಳ್ಳೆಯದು. ಆದರೆ ಆ ಪೆನ್ನು ಯಾವ ಕಾಗದದ ಮೇಲೆ ಓಡಬೇಕು ಎಂಬುದರ ಕಡೆಗೆ ಮಾತ್ರ ಸಾಕಷ್ಟು ಗಮನ ಹರಿದಂತೆ ಕಾಣದು.

ಇದರ ಫಲವನ್ನು ಅಧ್ಯಾಪಕರು ಪ್ರತಿದಿನವೂ ಕಾಣುತ್ತಾರೆ. ನೋಟುಬುಕ್ಕಿನ ಹಾಳೆಗೆ ನಿಬ್ಬು ತಾಗಿದೊಡನೆ ಮಸಿಯು ಗೆರೆಯ ಇಕ್ಕೆಲಗಳಲ್ಲಿಯೂ ಬೇರುಬಿಟ್ಟಂತೆ ಹರಡುತ್ತದೆ. ಹಾಳೆಯನ್ನು ಮಗುಚಿದರೆ ಅದೇ ಅಕ್ಷರಗಳು ತಿರುವುಮುರುವಾಗಿ ಹಿಂಬದಿಯಲ್ಲಿಯೂ ಮೂಡಿರುತ್ತವೆ. ಕನ್ನಡ ಲಿಪಿಗೆ ಇದರಿಂದ ಆಗುವ ಹಾನಿ ಸಣ್ಣದಲ್ಲ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಭೇದ ಕೆಳಗಿನ ಒಂದು ಚಿಕ್ಕ ಗೀರು ಮಾತ್ರ. 'ಅರ್ಥ' ಎಂಬ ಪದವನ್ನು 'ಅರ್ಧ' ಎಂಬುದರಿಂದ ಬೇರ್ಪಡಿಸುವುದು ಅಕ್ಷರದ ಹೊಟ್ಟೆಯೊಳಗಿನ ಒಂದು ಚುಕ್ಕೆ. ಮಸಿ ಹರಡಿದಲ್ಲಿ ಗೀರು ಮುಚ್ಚಿಹೋಗುತ್ತದೆ, ಚುಕ್ಕೆ ಕರಗಿಹೋಗುತ್ತದೆ, ಒತ್ತಕ್ಷರಗಳು ಒಂದರೊಳಗೊಂದು ಸೇರಿ ಮುದ್ದೆಯಾಗುತ್ತವೆ. ಆಗ ಅಧ್ಯಾಪಕರು ಮಗುವಿನ ಕೈಬರಹ ಕೆಟ್ಟಿತೆನ್ನುತ್ತಾರೆ. ಪಾಲಕರು ಪೆನ್ನನ್ನು ಬದಲಾಯಿಸುತ್ತಾರೆ. ಅಂಗಡಿಯವನು ಬೇರೊಂದು ಮಸಿಯ ಕುಪ್ಪಿಯನ್ನು ಮುಂದಿಡುತ್ತಾನೆ. ದೋಷ ಕಾಗದದಲ್ಲಿರಬಹುದೆಂಬ ಮಾತು ಕೊನೆಯವರೆಗೂ ಬರುವುದಿಲ್ಲ. ತನ್ನದಲ್ಲದ ತಪ್ಪಿಗೆ ಬೈಸಿಕೊಂಡ ಮಗು ಮಸಿಪೆನ್ನನ್ನು ಬದಿಗಿಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ.

ಕಾಗದವು ಸಸ್ಯದ ನಾರುಗಳ ತಿರುಳಿನಿಂದಾದುದು. ನಾರಿಗೂ ನಾರಿಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಆ ಸಂದುಗಳನ್ನು ಹಾಗೆಯೇ ಬಿಟ್ಟರೆ ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಅವು ಮಸಿಯನ್ನು ಎಳೆದುಕೊಳ್ಳುತ್ತವೆ. ಮಸಿಯನ್ನು ಒತ್ತಿ ತೆಗೆಯಲು ಬಳಸುವ ಬ್ಲಾಟಿಂಗ್ ಕಾಗದ ಹೀಗೆ ಬೇಕೆಂದೇ ಬಿಟ್ಟ ಕಾಗದ. ಬರೆಯುವ ಕಾಗದಕ್ಕಾದರೋ ನೀರನ್ನು ತಡೆಯುವ ಸಂಸ್ಕಾರವನ್ನು ಕೊಡಬೇಕಾಗುತ್ತದೆ. ಗಿರಣಿಯವರು ಇದನ್ನು ಸೈಜಿಂಗ್ ಎನ್ನುತ್ತಾರೆ. ಜರ್ಮನಿಯ ಮೋರಿಟ್ಸ್ ಇಲ್ಲಿಗ್ ಎಂಬವನು ತಿರುಳಿಗೆ ರಾಳವನ್ನೂ ಪಟಿಕವನ್ನೂ ಬೆರೆಸುವ ಕ್ರಮವನ್ನು 1807ರಲ್ಲಿ ಪ್ರಕಟಿಸಿದನು. ಈಗಿನ ಅನೇಕ ಗಿರಣಿಗಳು ಇದಕ್ಕೆ ಬೇರೆ ರಾಸಾಯನಿಕಗಳನ್ನು ಬಳಸುತ್ತವೆ. ಹಾಳೆಯ ಮೇಲ್ಮೈಗೆ ಗಂಜಿಯ ಲೇಪವನ್ನೂ ಕೊಡುತ್ತವೆ. ಈ ಕೆಲಸದಲ್ಲಿ ಕೈ ಬಿಗಿಹಿಡಿದ ಗಿರಣಿಯ ನೋಟುಬುಕ್ಕಿನ ಕಾಗದವು ಬ್ಲಾಟಿಂಗ್ ಕಾಗದದ ಹತ್ತಿರದ ಬಂಧುವೇ ಆಗುತ್ತದೆ.

ಈ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲ. ನೇಕಾರನು ಹಾಸಿನ ನೂಲಿಗೆ ಗಂಜಿ ಕೊಡದೆ ಮಗ್ಗಕ್ಕೆ ಏರಿಸುವುದಿಲ್ಲ. ಹಿಂದೆ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಸಿದ್ಧಗೊಳಿಸಿದ ಕರಿಯ ಹಾಳೆ. ಬಟ್ಟೆಯ ಸಂದುಗಳು ಮುಚ್ಚಿದ ಮೇಲೆಯೇ ಅದರ ಮೇಲೆ ಬಳಪ ಆಡುತ್ತಿತ್ತು. ಕೈಕಾಗದ ಮಾಡುವವರು ಹಾಳೆಗೆ ಗಂಜಿ ಬಳಿದು, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜುತ್ತಿದ್ದರು. ತಾಳೆಯೋಲೆಯನ್ನಾದರೂ ಮರದಿಂದ ಕೊಯ್ದ ಹಾಗೆಯೇ ಯಾರೂ ಬರೆಯಲು ಬಳಸಲಿಲ್ಲ. ಅದನ್ನು ಹದಮಾಡಿ, ಒಣಗಿಸಿ, ನಯಗೊಳಿಸಿದ ಮೇಲೆ ಕಂಠದಿಂದ ಕೊರೆದು ಮಸಿ ತೀಡುತ್ತಿದ್ದರು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವಾಗಿ ನಾಡಿನ ಮುಂದಿಟ್ಟ ಶರಣರ ನುಡಿಗಳು ಅಲ್ಲಿಯವರೆಗೆ ಬದುಕಿ ಬಂದುದು ಇಂಥ ಓಲೆಗಳಲ್ಲಿ. ಬರೆದವನ ಹೆಸರು ಉಳಿಯಿತು. ಓಲೆಯನ್ನು ಹದಮಾಡಿದವನ ಹೆಸರು ಉಳಿಯಲಿಲ್ಲ. ಆದರೆ ಅವನ ಕಾಯಕ ಕೆಟ್ಟಿದ್ದರೆ ಬರಹವೂ ಉಳಿಯುತ್ತಿರಲಿಲ್ಲ.

ಈ ಎಚ್ಚರ ಸಡಿಲವಾದುದಕ್ಕೆ ಬಾಲ್‌ಪೆನ್ನು ಒಂದು ಕಾರಣ. ಹಂಗೇರಿಯ ಲಾಸ್ಲೋ ಬಿರೋ 1938ರಲ್ಲಿ ಹಕ್ಕುಪತ್ರ ಪಡೆದ ಆ ಪೆನ್ನಿನ ಮಸಿ ಎಣ್ಣೆಯಂತೆ ಮಂದವಾದುದು; ಅದು ಎಂಥ ಹಾಳೆಯ ಮೇಲೂ ಹೆಚ್ಚು ಹರಡದೆ ನಿಲ್ಲುತ್ತದೆ. ಬಹುಜನರು ಬಾಲ್‌ಪೆನ್ನಿಗೆ ಹೊರಳಿದ ಮೇಲೆ ನೀರುಮಸಿಯನ್ನು ತಡೆಯುವ ಕಾಗದವನ್ನು ಕೇಳುವವರು ಕಡಿಮೆಯಾದರು. ಕೇಳದ ವಸ್ತುವನ್ನು ಮಾರುಕಟ್ಟೆ ತಾನಾಗಿ ಕೊಡುವುದಿಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ದಾಂಡೇಲಿಯಲ್ಲಿ 1955ರಲ್ಲಿ ಹುಟ್ಟಿಕೊಂಡ ವೆಸ್ಟ್ ಕೋಸ್ಟ್ ಗಿರಣಿ ಇಂದಿಗೂ ನಡೆಯುತ್ತಿದೆ. ಆದರೆ ಒಂದು ನೋಟುಬುಕ್ಕನ್ನು ಕೈಯಲ್ಲಿ ಹಿಡಿದವನಿಗೆ ಅದರ ಹಾಳೆ ಯಾವ ಗಿರಣಿಯಿಂದ ಬಂದಿತೆಂದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಹೊದಿಕೆಯ ಮೇಲೆ ಪುಟಗಳ ಸಂಖ್ಯೆಯಿರುತ್ತದೆ, ಬೆಲೆಯಿರುತ್ತದೆ, ಬಣ್ಣದ ಚಿತ್ರವಿರುತ್ತದೆ; ಮಸಿಯನ್ನು ತಡೆಯುವ ಗುಣದ ಬಗ್ಗೆ ಒಂದಕ್ಷರವೂ ಇರುವುದಿಲ್ಲ.

ಕೊಳ್ಳುವವರು ಆಗ ಎರಡು ತಪ್ಪು ಗುರುತುಗಳಿಗೆ ಮೊರೆಹೋಗುತ್ತಾರೆ. ಒಂದು ದಪ್ಪ, ಇನ್ನೊಂದು ಬಿಳುಪು. ಜಿ.ಎಸ್.ಎಂ. ಎಂಬುದು ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದನ್ನಷ್ಟೇ ಹೇಳುತ್ತದೆ. ಮಸಿಪೆನ್ನಿನ ಪ್ರಿಯರು ಮೆಚ್ಚಿಕೊಂಡ ಜಪಾನಿನ ಟೊಮೊಯೆ ರಿವರ್ ಎಂಬ ಕಾಗದ ಕೇವಲ 52 ಜಿ.ಎಸ್.ಎಂ. ತೂಕದ್ದು, ಆದರೂ ಅದರ ಮೇಲೆ ಮಸಿ ಹರಡುವುದಿಲ್ಲ. ಇತ್ತ 80 ಜಿ.ಎಸ್.ಎಂ. ತೂಕದ ಎಷ್ಟೋ ಹಾಳೆಗಳು ಮಸಿಯನ್ನು ಕುಡಿಯುತ್ತವೆ. ಬಿಳುಪಾದರೋ ಹೊಳಪು ಕೊಡುವ ರಾಸಾಯನಿಕದಿಂದ ಬಂದಿರಬಹುದು. ಅದು ಕಣ್ಣಿಗೆ ಸೇರಿದ್ದೇ ಹೊರತು ಬರಹಕ್ಕಲ್ಲ.

ಇಲ್ಲಿ ದಾನಿಗಳು ಆಲೋಚಿಸಬೇಕಾದ ಮಾತೊಂದಿದೆ. ಶಾಲೆ ತೆರೆಯುವ ದಿನಗಳಲ್ಲಿ ಬಡ ಮಕ್ಕಳಿಗೆ ನೋಟುಬುಕ್ಕು ಹಂಚುವುದು ಪುಣ್ಯದ ಕೆಲಸ; ಅದು ಹೆಚ್ಚಲಿ. ಆದರೆ ಮಸಿ ಹಿಂಬದಿಗೆ ಇಳಿಯುವ 200 ಪುಟಗಳ ಪುಸ್ತಕದಲ್ಲಿ ಮಗು ಬರೆಯಲಾಗುವುದು 100 ಪುಟ ಮಾತ್ರ. ಅಂಥ ಪುಸ್ತಕಕ್ಕೆ 40 ರೂಪಾಯಿ ಎಂದು ಹಿಡಿದರೆ ಬರೆದ ಪುಟಕ್ಕೆ 40 ಪೈಸೆ ಬೀಳುತ್ತದೆ. ಎರಡೂ ಬದಿ ಬರೆಯಬಹುದಾದ ಪುಸ್ತಕಕ್ಕೆ 60 ರೂಪಾಯಿ ಕೊಟ್ಟರೂ ಪುಟಕ್ಕೆ ಬೀಳುವುದು 30 ಪೈಸೆ. ಅಗ್ಗವೆಂದು ಕೊಂಡುದು ತುಟ್ಟಿಯಾಗುವುದು ಹೀಗೆ. ದಾನಿಯ ಪಟ್ಟಿಯಲ್ಲಿ ಪುಸ್ತಕಗಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಮಗುವಿಗೆ ದಕ್ಕಿದುದು ಅರ್ಧ.

ಪ್ರಸಾದನಿಲಯದಲ್ಲಿ ಅಕ್ಕಿಯನ್ನು ಆರಿಸದೆ ಒಲೆಯ ಮೇಲಿಡುವವರಿಲ್ಲ. ಎಷ್ಟು ಚೀಲ ಬಂದಿತೆಂದು ಎಣಿಸಿದರೆ ಸಾಲದು, ಕಲ್ಲಿದೆಯೇ ಎಂದು ನೋಡಬೇಕೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅನ್ನದಾಸೋಹದಲ್ಲಿರುವ ಈ ಎಚ್ಚರ ಜ್ಞಾನದಾಸೋಹದಲ್ಲಿಯೂ ಇರತಕ್ಕದ್ದು.

ಪರೀಕ್ಷೆಗೆ ದೊಡ್ಡ ಉಪಕರಣಗಳು ಬೇಕಾಗಿಲ್ಲ. ಗಿರಣಿಗಳಲ್ಲಿ ಕಾಬ್ ಪರೀಕ್ಷೆ ಎಂಬುದೊಂದಿದೆ. ಗೊತ್ತಾದ ಅವಧಿಯಲ್ಲಿ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ನೀರನ್ನು ಹೀರಿತೆಂಬುದನ್ನು ಅದು ಅಳೆಯುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಕಾಗದ ನೀರನ್ನು ಹೆಚ್ಚು ತಡೆಯುತ್ತದೆ. ಹೆಚ್ಚು ಪ್ರಮಾಣದಲ್ಲಿ ಕೊಳ್ಳುವ ಸಂಸ್ಥೆ ಈ ಸಂಖ್ಯೆಯನ್ನು ಕೇಳಬಹುದು. ಅಷ್ಟಾಗದಿದ್ದರೆ ಅಧ್ಯಾಪಕರೊಬ್ಬರು ಮಕ್ಕಳು ಬಳಸುವ ಪೆನ್ನನ್ನೂ ಮಸಿಯನ್ನೂ ಒಯ್ದು ಮಾದರಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಲಿ. ಒತ್ತಕ್ಷರಗಳೂ ಮಹಾಪ್ರಾಣಗಳೂ ಅದರಲ್ಲಿರಲಿ. ಒಂದೆಡೆ ನಿಬ್ಬನ್ನು ಎರಡು ಕ್ಷಣ ಊರಿ ನಿಲ್ಲಿಸಲಿ. ಮಗು ಯೋಚಿಸುತ್ತ ನಿಲ್ಲಿಸುವುದು ಹಾಗೆಯೇ. ಆರಿದ ಮೇಲೆ ಗೆರೆಯ ಅಂಚನ್ನೂ ಹಾಳೆಯ ಹಿಂಬದಿಯನ್ನೂ ನೋಡಲಿ. ಯಂತ್ರದಲ್ಲಿ ಜಾಲರಿಗೆ ತಾಗಿದ ಮೈಯೂ ಮೇಲಣ ಮೈಯೂ ಒಂದೇ ತರಹ ಇರುವುದಿಲ್ಲವಾದ್ದರಿಂದ ಎರಡೂ ಬದಿಗಳಲ್ಲಿ ಬರೆದು ನೋಡುವುದು ಅವಶ್ಯ. ಹೋದ ವರ್ಷ ಒಳ್ಳೆಯದಿದ್ದ ಹೆಸರು ಈ ವರ್ಷವೂ ಒಳ್ಳೆಯದೇ ಇದ್ದೀತೆಂಬ ಭರವಸೆಯಿಲ್ಲ. ಪ್ರತಿ ಖರೀದಿಗೂ ಪರೀಕ್ಷೆ ಬೇಕು. ಕೊಂಡ ಪುಸ್ತಕಗಳನ್ನು ತೇವದ ನೆಲದ ಮೇಲಿಡದೆ ಹಲಗೆಯ ಮೇಲಿಡಬೇಕು.

ಅತಿಯಾದ ನಯವೂ ಶಾಲೆಗೆ ಒಗ್ಗದು. ಮಸಿಯನ್ನು ಪೂರ್ಣವಾಗಿ ತಡೆಯುವ ಹಾಳೆಯ ಮೇಲೆ ಬರಹ ಬೇಗ ಆರುವುದಿಲ್ಲ. ಅಂಗೈ ತಾಗಿ ಕಲೆಯಾಗುತ್ತದೆ, ಎಡಗೈಯಲ್ಲಿ ಬರೆಯುವ ಮಗುವಿಗಂತೂ ಹೆಚ್ಚಿನ ತೊಂದರೆ. ಅಕ್ಷರದ ಅಂಚು ಸ್ಪಷ್ಟವಾಗಿ ನಿಲ್ಲುವ, ಹಿಂಬದಿಯಲ್ಲಿ ಬರೆಯಬಹುದಾದ, ಪುಟ ಮಗುಚುವಷ್ಟರಲ್ಲಿ ಆರುವ ಮಧ್ಯಮ ಗುಣದ ಕಾಗದ ಸಾಕು. ವಿದೇಶದ ದುಬಾರಿ ಕಾಗದ ಯಾವ ಮಗುವಿಗೂ ಬೇಕಾಗಿಲ್ಲ.

ಬಾಲ್‌ಪೆನ್ನು ಇರುವಾಗ ಇಷ್ಟೆಲ್ಲ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಬಾಲ್‌ಪೆನ್ನು ಅಗ್ಗ, ಎಲ್ಲಿಯೂ ಸಿಗುತ್ತದೆ, ಅದರಲ್ಲಿ ಬರೆದು ಕಲಿತವರು ಯಾವುದರಲ್ಲಿಯೂ ಹಿಂದೆ ಬಿದ್ದಿಲ್ಲ. ಆದರೆ ಅದಕ್ಕೆ ಒತ್ತಿ ಬರೆಯಬೇಕು. ಮಸಿಪೆನ್ನು ಒತ್ತಡವಿಲ್ಲದೆ ಸಾಗುತ್ತದೆ, ದೀರ್ಘಕಾಲ ಬರೆಯುವ ಎಳೆಯ ಬೆರಳುಗಳಿಗೆ ಅದು ಹಿತ. ಒಂದು ಪೆನ್ನನ್ನು ತೊಳೆದು, ಮಸಿ ತುಂಬಿ, ವರ್ಷಗಟ್ಟಲೆ ಜೋಪಾನ ಮಾಡುವುದು ತಾನೇ ಒಂದು ಶಿಕ್ಷಣ. ಶಾಲೆಯೊಂದು ಬಾಲ್‌ಪೆನ್ನನ್ನು ಒಪ್ಪಿದರೆ ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಮಸಿಪೆನ್ನನ್ನು ಕಡ್ಡಾಯ ಮಾಡಿ, ಮಸಿ ನಿಲ್ಲದ ಕಾಗದವನ್ನು ಕೊಟ್ಟು, ಆಮೇಲೆ ಬರಹಕ್ಕೆ ಅಂಕ ಕಳೆಯುವುದರಲ್ಲಿ.

ಪರಿಹಾರ ಕೈಗೆ ನಿಲುಕದುದಲ್ಲ. ಒಂದು ಮಠದ ಆಶ್ರಯದಲ್ಲಿರುವ ಶಾಲೆಗಳೆಲ್ಲ ಬಿಡಿಬಿಡಿಯಾಗಿ ಕೊಳ್ಳುವ ಬದಲು ಒಟ್ಟಾಗಿ ಕಾಗದವನ್ನೇ ರೀಮುಗಳ ಲೆಕ್ಕದಲ್ಲಿ ಕೊಂಡು, ಗೆರೆ ಹಾಕಿಸಿ, ಸಮೀಪದ ಮುದ್ರಣಾಲಯದಲ್ಲಿ ಹೊಲಿಸಿಕೊಳ್ಳಬಹುದು. ಮೂವರು ಅಧ್ಯಾಪಕರ ಸಮಿತಿ ಮೊದಲು ಮಾದರಿಗಳನ್ನು ಬರೆದು ನೋಡಲಿ. ದಾನಿಗಳು 500 ಪುಸ್ತಕ ಕೊಡುವಲ್ಲಿ ಒಳ್ಳೆಯ 350 ಕೊಟ್ಟರೂ ಮಕ್ಕಳಿಗೆ ದಕ್ಕುವ ಪುಟಗಳು ಹೆಚ್ಚೇ ಆಗುತ್ತವೆ. ಹಳೆಯ ವಿದ್ಯಾರ್ಥಿಗಳಲ್ಲಿ ಮುದ್ರಣ ಮತ್ತು ಕಾಗದದ ವ್ಯಾಪಾರದಲ್ಲಿರುವವರು ಹಣಕ್ಕಿಂತ ತಮ್ಮ ತಿಳಿವಳಿಕೆಯನ್ನು ಕೊಟ್ಟರೆ ಅದೂ ದಾಸೋಹವೇ. ಅಲ್ಲಿಯವರೆಗೆ ಅಧ್ಯಾಪಕರು ಮಾಡಬಹುದಾದ ಒಂದು ಕೆಲಸವಿದೆ: ಹರಡಿದ ಅಕ್ಷರಗಳ ಕೆಳಗೆ ಕೆಂಪುಗೆರೆ ಎಳೆಯುವ ಮೊದಲು ಅದೇ ಹಾಳೆಯ ಅಂಚಿನಲ್ಲಿ ಅದೇ ಪೆನ್ನಿನಿಂದ ತಾವೇ ಒಂದು ಪದ ಬರೆದು ನೋಡುವುದು.