ಕರೆಯದೆ ಬರುವವರುಂಟೇ?

ನಮ್ಮ ಪಾಠಶಾಲೆಯಲ್ಲಿ ಓದಿ ಹೊರಟ ಸ್ತ್ರೀಯರಲ್ಲಿ ಅನೇಕರು ಈಗ ತಮ್ಮ ತಮ್ಮ ಊರುಗಳ ಸೇವಾಸಂಘಗಳಲ್ಲಿ ಸದಸ್ಯೆಯರಾಗಿರುವರು. ರೋಟರಿ, ಲಯನ್ಸ್, ಇನ್ನರ್ ವೀಲ್, ಮಹಿಳಾ ಸಮಾಜ ಎಂದು ಹೆಸರುಗಳು ಬೇರೆಬೇರೆಯಾದರೂ ಅವರ ಬಾಯಿಂದ ನಾವು ಕೇಳುವ ದೂರು ಮಾತ್ರ ಒಂದೇ: ಹೊಸಬರು ಬರುತ್ತಿಲ್ಲ, ಇದ್ದವರಿಗೆ ವಯಸ್ಸಾಯಿತು, ಈಗಿನವರಿಗೆ ಪರೋಪಕಾರದಲ್ಲಿ ಅಭಿರುಚಿಯಿಲ್ಲ. ಈ ಮೂರರಲ್ಲಿ ಮೊದಲಿನವೆರಡೂ ನಿಜವಾಗಿರಬಹುದು. ಮೂರನೆಯದನ್ನು ನಾವು ಒಪ್ಪಲಾರೆವು. ಹೀಗೆ ದೂರುವ ಸಹೋದರಿಯರನ್ನು ನಾವು ತಿರುಗಿ ಕೇಳುವುದು ಇಷ್ಟೇ: ಕಳೆದ ವರುಷದಲ್ಲಿ ತಾವು ಎಷ್ಟು ಮಂದಿಯ ಮನೆಗೆ ಹೋಗಿ, ಹೆಸರು ಹಿಡಿದು ಕರೆದಿರುವಿರಿ?

ಇಂಥ ಸಂಘಗಳು ಹುಟ್ಟಿದ್ದೇ ಕರೆಯುವುದರಿಂದ. 1905ನೆಯ ಇಸವಿ ಫೆಬ್ರವರಿ 23ರಂದು ಅಮೇರಿಕಾ ದೇಶದ ಶಿಕಾಗೋ ಪಟ್ಟಣದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲನು ಮೂವರು ಪರಿಚಿತರನ್ನು ಕೂಡಿಕೊಂಡು ಕುಳಿತನು. ಅವರಲ್ಲಿ ಒಬ್ಬನು ಕಲ್ಲಿದ್ದಲ ವ್ಯಾಪಾರಿ, ಒಬ್ಬನು ಗಣಿಯ ಇಂಜಿನಿಯರು, ಇನ್ನೊಬ್ಬನು ದರ್ಜಿ. ಮುಂದೆ ಮುದ್ರಣಾಲಯದವನೊಬ್ಬನು ಐದನೆಯವನಾದನು. ಸರದಿಯಂತೆ ಒಬ್ಬೊಬ್ಬರ ಕಾರ್ಯಸ್ಥಳದಲ್ಲಿ ಸೇರುತ್ತಿದ್ದುದರಿಂದಲೇ ಅದಕ್ಕೆ ರೋಟರಿಯೆಂಬ ಹೆಸರಾಯಿತು. ಇಂದು ಲೋಕದಲ್ಲಿ ಸುಮಾರು 12 ಲಕ್ಷ ಮಂದಿಯಿರುವ ಸಂಘವು ನಾಲ್ವರಿಂದ ಬೆಳೆದದ್ದು, ಒಬ್ಬೊಬ್ಬನೂ ತನ್ನ ಪರಿಚಯದ ಮತ್ತೊಬ್ಬನನ್ನು ಕರೆತಂದುದರಿಂದ.

ಆದರೆ ಆ ಕರೆಯು ಬಹುಕಾಲ ಸ್ತ್ರೀಯರ ಬಾಗಿಲಿಗೆ ಬರಲಿಲ್ಲ. 1925ರಲ್ಲಿ ಹೆಲೆನ್ ಕೆಲ್ಲರ್ ಎಂಬ ಪ್ರಸಿದ್ಧ ಅಂಧ ಮಹಿಳೆಯು ಲಯನ್ಸ್ ಸಂಘದವರ ಸಭೆಗೆ ಹೋಗಿ ಕುರುಡರ ಸೇವೆಯನ್ನು ಕೈಕೊಳ್ಳಿರೆಂದು ಬೇಡಿದಳು. ಅದನ್ನು ಅವರು ತಮ್ಮ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡರು. ಹೀಗೆ ಸ್ತ್ರೀಯೊಬ್ಬಳಿಂದ ಕೆಲಸವನ್ನು ಪಡೆದ ಸಂಘವು ಸ್ತ್ರೀಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1987ರಲ್ಲಿ. ಅರುವತ್ತೆರಡು ವರುಷ! ರೋಟರಿಯ ಕಥೆಯು ಇನ್ನೂ ಬೋಧಪ್ರದವಾದುದು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಊರಿನ ಸಂಘವು ಸದಸ್ಯರು ಕಡಮೆಯಾಗುತ್ತ ಬರಲಾಗಿ 1977ರಲ್ಲಿ ಮೂವರು ಸ್ತ್ರೀಯರನ್ನು ಸೇರಿಸಿಕೊಂಡಿತು. ಮರುವರುಷವೇ ಕೇಂದ್ರ ಸಂಸ್ಥೆಯವರು ಆ ಸಂಘವನ್ನು ಹೊರಹಾಕಿದರು. ವ್ಯಾಜ್ಯವು ನಡೆದು, ಭೇದವೆಣಿಸಬಾರದೆಂಬ ಆ ಸಂಸ್ಥಾನದ ಕಾನೂನು ಈ ಸಂಘಕ್ಕೂ ಸಲ್ಲತಕ್ಕದ್ದೆಂದು 1987ರ ಮೇ 4ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಅದೇ ವರುಷ ಡುವಾರ್ಟೆ ಸಂಘಕ್ಕೆ ಅಧ್ಯಕ್ಷೆಯಾದವಳು ಸಿಲ್ವಿಯಾ ವಿಟ್ಲಾಕ್ ಎಂಬ ಶಾಲಾ ಮುಖ್ಯೋಪಾಧ್ಯಾಯಿನಿ. 1989ರಲ್ಲಿ ರೋಟರಿಯ ನಿಯಮವೇ ತಿದ್ದುಪಡಿಯಾಯಿತು. ಇಡೀ ಲೋಕದ ರೋಟರಿಗೆ ಸ್ತ್ರೀಯೊಬ್ಬರು ಮೊದಲಬಾರಿ ಅಧ್ಯಕ್ಷರಾದದ್ದು 2022ರಲ್ಲಿ.

ಇಷ್ಟು ಕಾಲ ಹೊರಗೆ ನಿಂತು ಒಳಗೆ ಬಂದ ಸ್ತ್ರೀಯರು ಹೊರಗಿರುವವರನ್ನು ಮರೆಯಬಾರದೆಂದು ನಮ್ಮ ಅಭಿಪ್ರಾಯ. ನಾವು ಕಂಡಂತೆ ವೈದ್ಯರು ವೈದ್ಯರನ್ನೂ ಅಧಿಕಾರಿಗಳ ಪತ್ನಿಯರು ಅಧಿಕಾರಿಗಳ ಪತ್ನಿಯರನ್ನೂ ಕರೆಯುವರು. ಅದೇ ಬೀದಿಯಲ್ಲಿ ಹೊಲಿಗೆಯ ಅಂಗಡಿಯಿಟ್ಟವಳನ್ನು, ಆಸ್ಪತ್ರೆಯ ದಾದಿಯನ್ನು, ಅಂಚೆ ಕಚೇರಿಯ ಗುಮಾಸ್ತೆಯನ್ನು ಯಾರೂ ಕೇಳುವುದಿಲ್ಲ. ಮದುವೆಯಾಗಿ ಪರವೂರಿಗೆ ಬಂದ ಹೆಣ್ಣುಮಗಳ ಮಾತೇನು? ಓದಿದ್ದಾಳೆ, ಕೈಯಲ್ಲಿ ಕಸುಬುಂಟು, ಮಧ್ಯಾಹ್ನದ ಹೊತ್ತು ಬಿಡುವುಂಟು. ಊರಿನಲ್ಲಿ ಗುರುತಿನವರೊಬ್ಬರೂ ಇಲ್ಲ. ಇಂಥವಳು ತಾನಾಗಿ ಸಂಘದ ಮೆಟ್ಟಲು ಹತ್ತುವಳೆಂದು ಕಾದಿರುವುದು ನ್ಯಾಯವಲ್ಲ. ಮೆಟ್ಟಲೇರಿದರೂ ಚಂದಾಹಣವೂ ಹೋಟೆಲಿನ ಭೋಜನದ ಖರ್ಚೂ ಅವಳನ್ನು ಹಿಂದಕ್ಕೆ ಕಳುಹಿಸಬಹುದು. ಸಭೆಯನ್ನು ಶಾಲೆಯ ಕೊಠಡಿಯಲ್ಲಿ ಕೂಡಿಸಿ, ಒಂದು ಲೋಟ ಕಾಫಿಯಿಂದ ತೃಪ್ತಿಪಟ್ಟರೆ ಸಂಘದ ಗೌರವಕ್ಕೆ ಯಾವ ಕುಂದೂ ಬಾರದು.

ಕರೆದು ತಂದ ಮೇಲೆ ಮಾಡುವುದೇನು? ಹಾರ ಹಾಕಿ, ಬಿಲ್ಲೆ ಚುಚ್ಚಿ, ಪಟ ತೆಗೆಸಿ, ಹಿಂದಿನ ಸಾಲಿನಲ್ಲಿ ಕುಳ್ಳಿರಿಸುವರು. ಮೂರು ಸಭೆಗಳ ಭಾಷಣಗಳನ್ನು ಕೇಳಿ ನಾಲ್ಕನೆಯದಕ್ಕೆ ಅವಳು ಬರುವುದಿಲ್ಲ, ತಪ್ಪು ಅವಳದಲ್ಲ. ಹೊಸಬಳಿಗೆ ಮೊದಲನೆಯ ದಿನವೇ ಕೈತುಂಬ ಕೆಲಸ ಬೇಕು. 1995ರಲ್ಲಿ ನಮ್ಮ ದೇಶದಲ್ಲೆಲ್ಲ ಪೋಲಿಯೋ ಹನಿ ಹಾಕುವ ದಿನಗಳು ಆರಂಭವಾದುವಷ್ಟೆ. ಮಂಜುಗಡ್ಡೆಯಿಟ್ಟ ಪೆಟ್ಟಿಗೆ ಹೊರುವುದು, ಮಗುವಿನ ಎಡಗೈಯ ಕಿರುಬೆರಳಿಗೆ ಮಸಿಯ ಗುರುತಿಡುವುದು, ಮರುದಿನ ಮನೆಮನೆಗೆ ಹೋಗಿ ತಪ್ಪಿದವರನ್ನು ಹುಡುಕುವುದು: ಇದಕ್ಕೆ ದೊಡ್ಡ ವಿದ್ವತ್ತು ಬೇಡ, ಕೈಗಳು ಬೇಕು. ಸರಕಾರದ ಆರೋಗ್ಯ ಸಿಬ್ಬಂದಿಯವರೊಡನೆ ಸಂಘಗಳ ಸದಸ್ಯರೂ ಸ್ವಯಂಸೇವಕರೂ ಸೇರಿ ಇದನ್ನು ವರುಷವರುಷವೂ ನಡೆಯಿಸಿದರು. ದೇಶದ ಕೊನೆಯ ರೋಗಿಯು ಕಂಡದ್ದು 2011ರ ಜನವರಿ 13ರಂದು, ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು.

ಲೆಕ್ಕ ತುಂಬುವುದಕ್ಕಾಗಿ ಜೂನ್ ತಿಂಗಳ ಕೊನೆಯ ವಾರದಲ್ಲಿ ನಾದಿನಿಯ ಹೆಸರನ್ನೂ ಸೊಸೆಯ ಹೆಸರನ್ನೂ ಬರೆದು ತಾವೇ ಚಂದಾ ಕಟ್ಟುವ ಪದ್ಧತಿಯೊಂದುಂಟು. ಅದನ್ನು ನಾವು ಸದಸ್ಯರನ್ನು ಸೇರಿಸುವುದೆಂದು ಎಣಿಸುವುದಿಲ್ಲ.

ಪೋಷಕರಲ್ಲಿಯೂ ಒಂದು ಬಿನ್ನಹವುಂಟು. ಹನ್ನೆರಡರಿಂದ ಹದಿನೆಂಟು ವಯಸ್ಸಿನವರಿಗಾಗಿ 1962ರಿಂದ ಇಂಟರಾಕ್ಟ್ ಎಂಬ ಕಿರಿಯರ ಸಂಘವುಂಟು. ಓದಿಗೆ ಕೇಡೆಂದು ಮಗಳನ್ನು ತಡೆಯುವ ಮೊದಲು ಒಂದು ದಿನ ತಾಯಿಯೇ ಜೊತೆಗೆ ಹೋಗಿ ನೋಡಲಿ. ಸದಸ್ಯೆಯರು ಅಲ್ಲಿದ್ದರೆ ಆ ತಾಯಿಯನ್ನೂ ಕರೆಯದೆ ಬಿಡಬಾರದು. ಅವಳು ಮನೆಯ ಕೆಲಸವೇ ಸಾಕಾಗಿದೆ, ಈಗ ಒಲ್ಲೆನೆಂದರೆ ಮುಖ ಸಣ್ಣದು ಮಾಡಿಕೊಳ್ಳದೆ, ಮಕ್ಕಳ ಪರೀಕ್ಷೆ ಮುಗಿದ ಬಳಿಕ ಮತ್ತೊಮ್ಮೆ ಹೋಗಿ ಕೇಳಬೇಕು.