ತರಬೇತಿಯೆಂಬ ಹೆಸರಿನ ದುಡಿಮೆ

1951ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಬಂದಾಗ ಜೇಮ್ಸ್ ವಾಟ್ಸನ್ನರಿಗೆ 23 ವರ್ಷ. ಡಾಕ್ಟರೇಟ್ ಪಡೆದು ವರ್ಷವಷ್ಟೇ ಆಗಿತ್ತು. ಎರಡು ವರ್ಷ ಕಳೆಯುವುದರೊಳಗೆ ಫ್ರಾನ್ಸಿಸ್ ಕ್ರಿಕ್ಕರೊಡನೆ ಡಿಎನ್ಎಯ ಜೋಡಿಸುರುಳಿಯನ್ನು ಲೋಕದ ಮುಂದಿಟ್ಟರು. 1956ರಲ್ಲಿ ಹಾರ್ವರ್ಡಿನ ಅಧ್ಯಾಪಕರಾದರು. ಡಾಕ್ಟರೇಟಿನ ಬಳಿಕ ಮತ್ತೊಬ್ಬ ಗುರುವಿನಲ್ಲಿ ಕೆಲಕಾಲ ಪಳಗಿ ಸ್ವಂತ ಪ್ರಯೋಗಾಲಯ ತೆರೆಯುವುದು ಅಂದಿನ ಕ್ರಮ.

ಆ ಕ್ರಮದ ಹೆಸರು ಉಳಿದಿದೆ, ತಿರುಳು ಉಳಿದಿಲ್ಲ. ಇಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ ಮೊದಲ ದೊಡ್ಡ ಅನುದಾನ ದೊರೆಯುವ ಹೊತ್ತಿಗೆ ಸಂಶೋಧಕರ ವಯಸ್ಸು ಸಾಮಾನ್ಯವಾಗಿ 40 ದಾಟಿರುತ್ತದೆ. ಇದು ತರುಣರ ಸೋಮಾರಿತನವಲ್ಲ, ಸರಳವಾದ ಗಣಿತ. ಒಬ್ಬ ಪ್ರಾಧ್ಯಾಪಕ ಹತ್ತು ಮಂದಿಯನ್ನು ಡಾಕ್ಟರೇಟಿಗೆ ಸಿದ್ಧಗೊಳಿಸಿದರೂ ಆತ ತೆರವು ಮಾಡುವ ಪೀಠ ಒಂದೇ. 1998ರಿಂದ 2003ರೊಳಗೆ ಆ ಸಂಸ್ಥೆಗಳ ಆಯವ್ಯಯ ಇಮ್ಮಡಿಯಾಯಿತು. ಕಟ್ಟಡಗಳೆದ್ದವು, ವಿದ್ಯಾರ್ಥಿಗಳು ತುಂಬಿದರು. ಬಳಿಕ ಹಣದ ಏರಿಕೆ ನಿಂತಿತು. ಬಂದವರು ಅಲ್ಲಿಯೇ ಉಳಿದರು. ಈ ವ್ಯವಸ್ಥೆಯ ದೋಷ ಮೂಲದಲ್ಲಿಯೇ ಇದೆಯೆಂದು 2014ರಲ್ಲಿ ಬರೆದವರು ಹೊರಗಿನವರಲ್ಲ, ಬ್ರೂಸ್ ಆಲ್ಬರ್ಟ್ಸ್, ಹೆರಾಲ್ಡ್ ವಾರ್ಮಸ್ ಮೊದಲಾದ ಆ ಕ್ಷೇತ್ರದ ಹಿರಿಯರೇ.

ಹೀಗೆ ಉಳಿದ ಡಾಕ್ಟರೇಟೋತ್ತರ ಸಂಶೋಧಕರ, ಅಂದರೆ ‘ಪೋಸ್ಟ್‌ಡಾಕ್’ಗಳ, ಕೈಯಲ್ಲಿಯೇ ಆಣ್ವಿಕ ಜೀವವಿಜ್ಞಾನದ ಪ್ರಯೋಗಾಲಯ ನಡೆಯುವುದು. ಸಾಕಿದ ಜೀವಕೋಶಗಳಿಗೆ ಭಾನುವಾರವೆಂಬುದಿಲ್ಲ. ಅವುಗಳ ಆಹಾರದ್ರವ ಬದಲಿಸಲು ರಜಾದಿನವೂ ಬರಬೇಕು. ಜೀನು ತಿದ್ದಿದ ಇಲಿಗಳ ಸಂತತಿ ಬೆಳೆಸುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ಬೇರೊಂದು ತಂಡ ಅದೇ ಫಲಿತಾಂಶವನ್ನು ಪ್ರಕಟಿಸಿತೋ, ಮೂರು ವರ್ಷದ ಶ್ರಮದ ಬೆಲೆ ಒಂದೇ ದಿನದಲ್ಲಿ ಇಳಿಯಿತು. ಇದಕ್ಕೆಲ್ಲ ‘ತರಬೇತಿ’ಯೆಂದು ಹೆಸರು. ತರಬೇತಿಯೆಂದ ಮೇಲೆ ಸಂಬಳವೇಕೆ, ಸಹಾಯವೇತನ ಸಾಲದೇ! 2022ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸುಮಾರು 48,000 ಮಂದಿ ಮುಷ್ಕರ ಹೂಡಿದಾಗ ಅವರಲ್ಲಿ ಇವರೂ ಇದ್ದರು. 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಲಹಾ ಸಮಿತಿ ವರ್ಷಕ್ಕೆ 70,000 ಡಾಲರಿನ ಕನಿಷ್ಠ ವೇತನವನ್ನೂ ಐದು ವರ್ಷದ ಮಿತಿಯನ್ನೂ ಸೂಚಿಸಿತು. 2024ರಲ್ಲಿ ಹೊಸಬರಿಗೆ ಗೊತ್ತಾದದ್ದು 61,008 ಡಾಲರು.

ವೇತನದ ಮಾತು ನ್ಯಾಯವಾದುದು. ಮಿತಿಯ ಮಾತು ಮಾತ್ರ ನನಗೆ ಅರ್ಧ ಪರಿಹಾರವಾಗಿ ತೋರುತ್ತದೆ. ಐದು ವರ್ಷ ಕಳೆದ ಮೇಲೆ ಹೊರಡೆಂದರೆ ಎಲ್ಲಿಗೆ? ಪ್ರಾಧ್ಯಾಪಕ ಪದವಿಯ ಆಸೆಯಿಲ್ಲದೆ, ಪಳಗಿದ ಕೈಯಿಂದ ಸಂಶೋಧನೆಯನ್ನೇ ಮಾಡಿಕೊಂಡಿರಬಯಸುವವರಿಗೆ ಖಾಯಂ ಹುದ್ದೆಗಳನ್ನು ಕಲ್ಪಿಸದೆ ಗಡುವು ವಿಧಿಸುವುದು ಮನೆ ಕಟ್ಟದೆ ಬಾಗಿಲು ಹಾಕಿದಂತೆ.

ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಓದಿ ಅಲ್ಲಿಗೆ ಹೋದ ನಮ್ಮವರ ಪಾಡು ಇನ್ನೂ ಸೂಕ್ಷ್ಮ. ಸಂಶೋಧಕರಿಗೆ ಕೊಡುವ ಜೆ-1 ವೀಸಾ ಕರೆಸಿಕೊಂಡ ಸಂಸ್ಥೆಗೆ ಕಟ್ಟುಬಿದ್ದದ್ದು. ಅದರ ಗರಿಷ್ಠ ಅವಧಿಯೂ ಐದೇ ವರ್ಷ. ಪ್ರಯೋಗಾಲಯದ ಮುಖ್ಯಸ್ಥರೊಡನೆ ವಿರಸವಾದರೆ ಕೆಲಸದೊಂದಿಗೆ ಆ ನೆಲದಲ್ಲಿ ನಿಲ್ಲುವ ಹಕ್ಕೂ ಅಲುಗಾಡುತ್ತದೆ. ಇತ್ತ ತಂದೆತಾಯಿಗಳು ‘ಮಗಳು ಅಮೆರಿಕದಲ್ಲಿ ವಿಜ್ಞಾನಿ’ ಎಂದು ನೆಂಟರೆದುರು ಹೆಮ್ಮೆಪಡುತ್ತಾರೆ. ನೇಮಕದ ಪತ್ರ ವರ್ಷವರ್ಷವೂ ನವೀಕರಣವಾಗಬೇಕೆಂಬುದನ್ನು ಅವಳು ಅವರಿಗೆ ಹೇಳಿರುವುದಿಲ್ಲ.